ಚುಕ್ಕಿರಾಯರ ನಲವತ್ತೊಂದು ತಪ್ಪುಗಳು

ಜೂನ್ 3, ಸೋಮವಾರ

ಒಂದುಪುಟ ಸಾಹೇಬರು ಬೆಳಿಗ್ಗೆ ಕರೆದು ಒಂದು ಚೀಟಿ ಕೊಟ್ಟರು. ನಮ್ಮ ಕಂಪನಿಯ ಮಾಲೀಕರಿಗೆ ಈ ಹೆಸರಿಟ್ಟವನು ನಾನೇ. ಒಂದು ಪುಟಕ್ಕಿಂತ ಹೆಚ್ಚಿನದನ್ನು ಅವರು ಓದಿದ್ದನ್ನು ನೋಡಿದವರಿಲ್ಲ. ಚೀಟಿಯಲ್ಲಿ ಯಾರದೋ ವೆಬ್‌ಸೈಟಿನ ವಿಳಾಸವಿತ್ತು.

"ಈ ಡಿಸೈನರ್ ಕೆಲಸ ಬಹಳ ಚೆನ್ನಾಗಿದೆಯಂತೆ. ಮೂರು ಜನ ಬೇರೆ ಬೇರೆಯಾಗಿ ಹೇಳಿದ್ರು. ನಮ್ಮ ಡಿಸೈನ್ ವಿಭಾಗಕ್ಕೆ ಹೆಡ್ ಆಗಿ ಕರೀಬಹುದಾ ನೋಡೋಣ ಅಂತ. ನೀವು ಸೈಟ್ ನೋಡಿ ಒಂದು ರಿಪೋರ್ಟ್ ಕೊಡಿ" ಎಂದರು.

ಏಳು ತಿಂಗಳಿಂದ ಆ ವಿಭಾಗದ ಹಂಗಾಮಿ ಮುಖ್ಯಸ್ಥ ನಾನು. ನನ್ನ ಕುರ್ಚಿಯಲ್ಲಿ ಕೂರಬಹುದಾದವನನ್ನು ತೂಗಿ ನೋಡುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ಸಾಹೇಬರು ಮುಗ್ಧರೋ ಪಾಕಡಾ ಆಸಾಮಿಯೋ ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತಾಗಿಲ್ಲ. ಆದರೆ ಈ ಕೆಲಸಕ್ಕೆ ನನ್ನಷ್ಟು ತಕ್ಕವನು ಇನ್ನೊಬ್ಬನಿಲ್ಲ ಎಂಬುದಂತೂ ನಿಜ. ಜನ ಒಂದು ವೆಬ್‌ಸೈಟಿನಲ್ಲಿ ಎಲ್ಲಿ ಎಡವುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ ಎಂದು ಹುಡುಕಿ ತೆಗೆಯುವುದೇ ನನ್ನ ಕಸುಬು.

ಸೈಟು ತೆರೆದೆ. ಕಪ್ಪು ಪರದೆ. ಎಂಟು ಸೆಕೆಂಡು ಏನೂ ಇಲ್ಲ. ಕರೆಂಟು ಹೋಯಿತೇನೋ ಎಂದು ಮೇಲಿನ ಫ್ಯಾನು ನೋಡಿದೆ, ಅದು ತಿರುಗುತ್ತಿತ್ತು. ಆಮೇಲೆ ಪರದೆಯ ನಟ್ಟನಡುವೆ ಒಂದು ಬಿಳಿ ಚುಕ್ಕಿ ಮೂಡಿತು. ಹೆಸರಿಲ್ಲ, ಊರಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುವ ಒಂದು ಮಾತಿಲ್ಲ. ಚುಕ್ಕಿಯನ್ನು ಒತ್ತಿದೆ. ಹನ್ನೆರಡು ಚುಕ್ಕಿಗಳಾದವು. ಯಾವ ಚುಕ್ಕಿಯ ಹಿಂದೆ ಏನಿದೆ ಎಂದು ತಿಳಿಯಲು ಶಾಸ್ತ್ರ ಕೇಳಬೇಕು. ಒಂದನ್ನು ಒತ್ತಿದರೆ ಒಂದು ಚಿತ್ರ. ಹಿಂದಕ್ಕೆ ಹೋಗೋಣ ಎಂದರೆ ಮತ್ತೆ ಆ ಎಂಟು ಸೆಕೆಂಡಿನ ಕತ್ತಲೆ.

ಈ ಮಹಾನುಭಾವರಿಗೆ ಚುಕ್ಕಿರಾಯರು ಎಂದು ಹೆಸರಿಟ್ಟೆ. ಊಟದ ಹೊತ್ತಿಗೆ ಒಂಬತ್ತು ತಪ್ಪು ಬರೆದುಕೊಂಡಿದ್ದೆ. ಬಹಳ ದಿನದ ಮೇಲೆ ಕೆಲಸ ಮಾಡಿ ಖುಷಿಯಾಯಿತು.

ಜೂನ್ 4, ಮಂಗಳವಾರ

ಚುಕ್ಕಿರಾಯರ ಸೈಟಿನಲ್ಲಿ ಪುಟ ಕೆಳಕ್ಕೆ ಸರಿಯುವುದಿಲ್ಲ, ಅಡ್ಡಕ್ಕೆ ಸರಿಯುತ್ತದೆ. ಹಾಗೆ ಸರಿಯುತ್ತದೆ ಎಂದು ಎಲ್ಲೂ ಹೇಳಿಲ್ಲ. ಅಕ್ಷರಗಳು ಕಪ್ಪಿನ ಮೇಲೆ ಬೂದು ಬಣ್ಣ, ಅದೂ ಇರುವೆಯಷ್ಟು ಗಾತ್ರ. ಫೋನಿನಲ್ಲಿ ತೆರೆದರೆ ಅರ್ಧ ಚಿತ್ರ ಪರದೆಯ ಆಚೆ ಇರುತ್ತದೆ. 'ನನ್ನ ಬಗ್ಗೆ' ಎಂಬ ಪುಟ ಹುಡುಕಲು ಹನ್ನೊಂದು ನಿಮಿಷ ಬೇಕಾಯಿತು. ಬಲಗಡೆ ಮೂಲೆಗೆ ಮೌಸು ತಾಗಿದಾಗ ಮಾತ್ರ ಕಾಣುವ ಮೂರು ಗೆರೆಗಳಿವೆ, ಅವುಗಳ ಒಳಗಿದೆ ಅದು. ಅಷ್ಟು ಕಷ್ಟಪಟ್ಟು ಹೋದರೆ ಅಲ್ಲಿರುವುದು ಒಂದೇ ಸಾಲು: 'ದಾರಿ ತೋರಿಸುವುದು ನನ್ನ ಕೆಲಸ.'

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪಕ್ಕದ ಮೇಜಿನವರು ಎದ್ದು ಬಂದು ಏನಾಯಿತು ಎಂದು ಕೇಳಿದರು. ಅವರಿಗೂ ತೋರಿಸಿದೆ.

ಸಂಜೆ ಮನೆಯಲ್ಲಿ ಪರೀಕ್ಷೆಗೆ ಇಬ್ಬರು ಸಿಕ್ಕರು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ತಾಳ್ಮೆ ಇರುವವಳು. ಎರಡು ನಿಮಿಷ ನೋಡಿ, "ರೀ, ಇದು ಕೆಟ್ಟುಹೋಗಿದೆಯಾ, ಇಲ್ಲ ಇರೋದೇ ಹೀಗಾ?" ಎಂದಳು. ಅದನ್ನು ಹಾಗೇ ವರದಿಗೆ ಸೇರಿಸಿದೆ. ಅಪ್ಪನ ಮುಂದೆ ಹಿಡಿದೆ. ಅಪ್ಪನಿಗೆ ಎರಡು ಕಣ್ಣಿಗೂ ಹೋದ ತಿಂಗಳಿಂದ ಇಂಜೆಕ್ಷನ್ ನಡೆಯುತ್ತಿದೆ, ದೊಡ್ಡ ಅಕ್ಷರ ಮಾತ್ರ ಕಾಣುತ್ತದೆ.

"ಏನೂ ಕಾಣಿಸ್ತಿಲ್ವಲ್ಲೋ. ಇವತ್ತು ಇನ್ನೂ ಜಾಸ್ತಿ ಆಗಿದೆ ಅನ್ಸತ್ತೆ" ಎಂದು ಗಾಬರಿಯಾದರು.

"ನಿಮ್ಮ ಕಣ್ಣಲ್ಲಪ್ಪ, ಸೈಟೇ ಹಾಗಿದೆ" ಎಂದು ಸಮಾಧಾನ ಮಾಡಬೇಕಾಯಿತು. ಮುದುಕರನ್ನು ಹೆದರಿಸುವ ಸೈಟು ಎಂದು ಇಪ್ಪತ್ತೆರಡನೇ ತಪ್ಪು ಬರೆದೆ.

ಜೂನ್ 6, ಗುರುವಾರ

ಇವತ್ತು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸರದಿ ನನ್ನದು. ವರದಿ ಮುಗಿಸಬೇಕಿತ್ತು, ಹೆಂಡತಿ ಅರ್ಧ ದಿನ ರಜೆ ಹಾಕಿ ಹೋಗಿಬಂದಳು. "ಮಾವ ಇವತ್ತು ನನ್ನ ಕೈ ಹಿಡಿಯಲೇ ಇಲ್ಲ" ಎಂದೇನೋ ಹೇಳುತ್ತಿದ್ದಳು. ಕೋಪ ಮಾಡಿಕೊಂಡಿರಬೇಕು. ಆಮೇಲೆ ಕೇಳಬೇಕು.

ಚುಕ್ಕಿರಾಯರ ಕೆಲಸಗಳನ್ನೂ ನೋಡಿ ಮುಗಿಸಿದೆ. ಹನ್ನೆರಡರಲ್ಲಿ ಏಳು ಚುಕ್ಕಿಗಳ ಹಿಂದೆ ಇರುವುದು ಗೋಡೆಗಳ ಫೋಟೋ. ಯಾವುದೋ ಉದ್ದನೆಯ ಕಾರಿಡಾರು, ಗೋಡೆಗೆ ಎದೆಯ ಎತ್ತರದಲ್ಲಿ ಹಳದಿ ಬೋರ್ಡು. ಒಂದರಲ್ಲಿ 'ಹೌದು, ಇದೇ ದಾರಿ. ಇನ್ನು ಎಪ್ಪತ್ತು ಹೆಜ್ಜೆ' ಎಂದಿದೆ. ತಿರುವೂ ಇಲ್ಲ, ಕವಲೂ ಇಲ್ಲ, ನೆಟ್ಟಗೆ ಹೋಗುವ ದಾರಿಯ ನಡುವೆ ಬೋರ್ಡು! ಬೇರೆ ಎಲ್ಲಿಗೆ ಹೋಗಲು ಸಾಧ್ಯ ಅಂತ ಇವರ ಅಂದಾಜು? ಗೋಡೆ ದಂಡ ಎಂದು ಬರೆದೆ.

ಕೊನೆಗೆ ರತ್ನದಂಥ ತಪ್ಪೊಂದು ಸಿಕ್ಕಿತು. ಸೈಟಿನಲ್ಲಿ ಫೋನ್ ನಂಬರಿಲ್ಲ, ವಿಳಾಸವಿಲ್ಲ, ಇರುವುದು 'ನನಗೆ ಬರೆಯಿರಿ' ಎಂಬ ಒಂದು ಫಾರ್ಮು ಅಷ್ಟೇ. ತುಂಬಿ ಕಳಿಸಿದೆ. 'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಎಂದು ಬಂತು. ನನಗೆ ಯಾರ ಧನ್ಯವಾದದ ಮೇಲೂ ನಂಬಿಕೆಯಿಲ್ಲ. ಪುಟದ ಒಳಗಿನ ಕೋಡು ತೆಗೆದು, ಆ ಸಂದೇಶ ಯಾವ ಮೇಲ್ ವಿಳಾಸಕ್ಕೆ ಹೋಗುತ್ತದೆ ಎಂದು ನೋಡಿದೆ. ಅದಕ್ಕೆ ನೇರವಾಗಿ ಒಂದು ಮೇಲ್ ಹಾಕಿದೆ. ಮೂರೇ ನಿಮಿಷದಲ್ಲಿ ವಾಪಸ್ ಬಂತು. ಇಂಥ ವಿಳಾಸವೇ ಇಲ್ಲವಂತೆ.

ಅಂದರೆ ಇವರಿಗೆ ಯಾರು ಏನೇ ಬರೆದರೂ ಅದು ಹೋಗಿ ಬೀಳುವುದು ಪಾತಾಳಕ್ಕೆ. ಬರೆದವರಿಗೆ ಮಾತ್ರ ಧನ್ಯವಾದ. ಇದು ನಲವತ್ತೊಂದನೇ ತಪ್ಪು, ಎಲ್ಲದರ ಕಿರೀಟ. ಇಪ್ಪತ್ತಾರು ಪುಟದ ವರದಿ ಸಿದ್ಧವಾಯಿತು. ನನಗೆ ಹೊಟ್ಟೆಕಿಚ್ಚು ಎಂದು ಯಾರೂ ತಿಳಿಯಬಾರದು. ಇದನ್ನು ಓದುವವರು ಯಾರೂ ಇಲ್ಲ, ಆದರೂ ಬರೆದಿಡುತ್ತೇನೆ.

ಜೂನ್ 7, ಶುಕ್ರವಾರ

ಒಂದುಪುಟ ಸಾಹೇಬರು ವರದಿಯನ್ನು ಕೈಯಲ್ಲಿ ತೂಗಿ ನೋಡಿದರು. "ಇಷ್ಟೊಂದಾ? ನಿಮ್ಮ ಶ್ರದ್ಧೆ ಮೆಚ್ಚಿದೆ. ಎರಡು ಪುಟ ಮಾಡಿ ಕೊಡಿ" ಎಂದರು. ಅವರ ಮಟ್ಟಿಗೆ ಎರಡು ಪುಟ ಎಂದರೆ ಔದಾರ್ಯವೇ.

ಮಧ್ಯಾಹ್ನವೆಲ್ಲ ಕೂತು ಇಳಿಸಿದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದರಲ್ಲೇ ನಮ್ಮ ವಿದ್ಯೆಯೆಲ್ಲ ಇರುವುದು. ಕತ್ತಲೆಯ ಎಂಟು ಸೆಕೆಂಡು ಉಳಿಸಿದೆ. ಅಡ್ಡ ಸರಿಯುವ ಪುಟ, ಇರುವೆ ಅಕ್ಷರ, ತಿರುವಿಲ್ಲದ ಕಡೆ ಬೋರ್ಡು, ಎಲ್ಲ ಉಳಿಸಿದೆ. ಹೆಂಡತಿಯ ಮಾತನ್ನೂ ಉಳಿಸಿದೆ. ನಲವತ್ತೊಂದನೆಯದನ್ನು ತೆಗೆದೆ. ಅದು ವಿನ್ಯಾಸದ ದೋಷವಲ್ಲ, ಮೇಲ್ ಸೇವೆಯ ದೋಷ. ವಿನ್ಯಾಸದ ವರದಿಯಲ್ಲಿ ಅದು ಬರಬಾರದು. ಜಾಗವೂ ಇರಲಿಲ್ಲ.

ಸರಿಯಾಗಿ ಹೇಳಬೇಕೆಂದರೆ ಎರಡನೇ ಪುಟದ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು. ಆದರೆ ಪುಟದ ಕೆಳಗೆ ಒಂದಿಷ್ಟು ಖಾಲಿ ಬಿಟ್ಟರೆ ಕಣ್ಣಿಗೆ ಹಿತ.

ಜೂನ್ 10, ಸೋಮವಾರ

ವರದಿ ಓದಿದ ಮೇಲೂ ಸಾಹೇಬರು ಚುಕ್ಕಿರಾಯರನ್ನು ಸಂದರ್ಶನಕ್ಕೆ ಕರೆಯಬೇಕಂತೆ. "ಸೈಟ್ ಇಷ್ಟು ಕೆಟ್ಟದಾಗಿದ್ರೂ ಮೂರು ಜನ ಹೊಗಳಿದ್ದಾರೆ ಅಂದ್ರೆ ಆ ಕೆಲಸದಲ್ಲಿ ಏನೋ ಇರ್ಬೇಕಲ್ವಾ?" ಇಂಥ ತರ್ಕಕ್ಕೆ ಯಾರು ಏನು ಹೇಳಲು ಸಾಧ್ಯ?

ಆಫೀಸಿನ ವ್ಯವಹಾರವೆಲ್ಲ ನೋಡಿಕೊಳ್ಳುವ ಅಕ್ಕ ಒಬ್ಬರಿದ್ದಾರೆ. ಮಾಲೀಕರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಅಕ್ಕನೇ. ಅಕ್ಕ ಅರ್ಧ ಗಂಟೆ ಆ ಸೈಟಿನಲ್ಲಿ ತಡಕಾಡಿ ಕೊನೆಗೆ ಫಾರ್ಮು ಹುಡುಕಿದರು. ಇಪ್ಪತ್ತೊಂದನೇ ತಾರೀಖು ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡಿ ಎಂದು ಬರೆದರು. ನಾನು ಅವರ ಕುರ್ಚಿಯ ಹಿಂದೆಯೇ ಚಹಾ ಲೋಟ ಹಿಡಿದು ನಿಂತಿದ್ದೆ.

"ಅಬ್ಬ, ತಲುಪಿತಂತೆ. ಧನ್ಯವಾದ ಬೇರೆ ಹೇಳಿದಾರೆ. ಮರ್ಯಾದಸ್ಥರು" ಎಂದರು ಅಕ್ಕ.

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಚಹಾ ಬಿಸಿಯಿತ್ತು. ಆ ಶುಕ್ರವಾರದೊಳಗೆ ಉತ್ತರ ಬರದಿದ್ದರೆ, ಸಾಹೇಬರ ಮಾತಿನಂತೆ, ಜುಲೈ ಒಂದರಿಂದ ಹಂಗಾಮಿ ಎನ್ನುವ ಪದ ನನ್ನ ಹೆಸರಿನ ಹಿಂದಿನಿಂದ ಹೋಗುತ್ತದೆ.

ಜೂನ್ 11, ಮಂಗಳವಾರ

ವಿಶೇಷವೇನೂ ಇಲ್ಲ. ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಜೂನ್ 13, ಗುರುವಾರ

ಇವತ್ತು ಆಸ್ಪತ್ರೆಗೆ ನಾನೇ ಹೋದೆ. ಅಪ್ಪ ಮೂವತ್ತಾರು ವರ್ಷ ಬಸ್ಸು ಓಡಿಸಿದವರು. ದಾರಿ ಕೇಳುವುದು ಎಂದರೆ ಅವರಿಗೆ ಅವಮಾನ. ಹಿಂದಿನ ಆಸ್ಪತ್ರೆಯಲ್ಲಿ ಯಾರನ್ನೂ ಕೇಳದೆ ಹೊರಟು ಹೆರಿಗೆ ವಾರ್ಡಿನ ಮುಂದೆ ಮುಕ್ಕಾಲು ಗಂಟೆ ಕೂತಿದ್ದರು. ಅಜ್ಜ ಆದಿರಿ ಎಂದು ಯಾರೋ ಅವರ ಕೈ ಕುಲುಕಿದ್ದರು. ಅದಕ್ಕೇ ಹೋದ ವಾರದಿಂದ ಹೋಗುತ್ತಿರುವ ಈ ಹೊಸ ಆಸ್ಪತ್ರೆಯಲ್ಲಿ ನಾನು ಮೊದಲೇ ಅವರ ತೋಳು ಹಿಡಿದೆ.

"ಬಿಡೋ, ನನಗೆ ಗೊತ್ತು" ಎಂದು ಕೈ ಕೊಡವಿಕೊಂಡು ಮುಂದೆ ನಡೆದರು.

ನಾನು ಹಿಂದೆ. ಕಾರಿಡಾರು ಶುರುವಾಗುವಲ್ಲಿ ಒಂದು ಹಳದಿ ಬೋರ್ಡು, ಎದೆಯ ಎತ್ತರಕ್ಕೆ. ಅಪ್ಪ ಅದರ ಮುಂದೆ ನಿಂತು ಓದಿದರು, ನಡೆದರು. ನೆಟ್ಟಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ಬಂದಾಗ ಅವರ ನಡಿಗೆ ನಿಧಾನವಾಯಿತು. ಗೋಡೆ ತಡವಿದರು. ಸಿಕ್ಕಾಪಟ್ಟೆ ಉದ್ದದ ಕಾರಿಡಾರು, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಈಗ ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅವರ ಕೈಗೆ ಇನ್ನೊಂದು ಬೋರ್ಡು ಸಿಕ್ಕಿತು. 'ಹೌದು, ಇದೇ ದಾರಿ. ಇನ್ನು ಎಪ್ಪತ್ತು ಹೆಜ್ಜೆ.' ಅಪ್ಪ ತಲೆಯಾಡಿಸಿ, ಬಾಯಲ್ಲೇ ಹೆಜ್ಜೆ ಎಣಿಸುತ್ತ ಹೋಗಿಬಿಟ್ಟರು.

ಆ ಗೋಡೆಯನ್ನು ನಾನು ನೋಡಿದ್ದೆ. ಏಳನೇ ಚುಕ್ಕಿಯ ಹಿಂದೆ.

ಅಪ್ಪ ಕಣ್ಣಿನ ವಿಭಾಗದ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರು. "ಎಪ್ಪತ್ತೆರಡಾಯ್ತು. ಪರವಾಗಿಲ್ಲ, ಒಂದೆರಡು ಹೆಚ್ಚುಕಮ್ಮಿ" ಎಂದರು. ಒಳಗೆ ಹೋದರು. ಮುಖದಲ್ಲಿ ಅಂಥ ಸಮಾಧಾನ ನಾನು ಅವರು ಕೆಲಸ ಬಿಟ್ಟ ಮೇಲೆ ನೋಡಿರಲಿಲ್ಲ. ನನಗೆ ಯಾಕೋ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆಸ್ಪತ್ರೆಯ ಕುರ್ಚಿಗಳೂ ಸರಿಯಿಲ್ಲ.

ಜೂನ್ 14, ಶುಕ್ರವಾರ

ಆಫೀಸಿನಲ್ಲಿ ಕೆಲಸ ಕಡಿಮೆ ಇತ್ತು, ಸುಮ್ಮನೆ ಚುಕ್ಕಿರಾಯರ ಸೈಟು ತೆರೆದೆ. ಏಳನೇ ಚುಕ್ಕಿಯನ್ನು ಒತ್ತಿ ಅಡ್ಡಕ್ಕೆ ಸರಿಸುತ್ತಲೇ ಹೋದೆ. ಹೋದ ವಾರ ಮೂರನೇ ಫೋಟೋಕ್ಕೇ ಬೇಸತ್ತು ಬಿಟ್ಟಿದ್ದೆ. ಹದಿನಾಲ್ಕನೆಯದರ ಆಚೆ ಬೂದು ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ. ಮೂರು ವಾರ ಎಪ್ಪತ್ತು ದಾಟಿದ ರೋಗಿಗಳ ಜೊತೆ ಅದೇ ಕಾರಿಡಾರಿನಲ್ಲಿ ನಡೆದು ಹೆಜ್ಜೆ ಎಣಿಸಿದರಂತೆ. ಜನ ತಿರುವಿನಲ್ಲಿ ಹೆದರುವುದಿಲ್ಲವಂತೆ, ಬಹಳ ದೂರ ತಿರುವೇ ಬರದಿದ್ದಾಗ ಹೆದರುತ್ತಾರಂತೆ. ಅದಕ್ಕೇ ನಡುವೆ ಬೋರ್ಡು.

ಇದನ್ನು ಹದಿನಾಲ್ಕು ಫೋಟೋಗಳ ಆಚೆ ಬಚ್ಚಿಟ್ಟಿದ್ದಾರೆ! ಇದನ್ನಲ್ಲವೇ ಮೊದಲ ಪುಟದಲ್ಲಿ ಹಾಕಬೇಕಿದ್ದದ್ದು? ಬೇರೆ ಯಾರಾದರೂ ಆಗಿದ್ದರೆ ಇದಕ್ಕೆ ಡಂಗುರ ಹೊಡೆಸುತ್ತಿದ್ದರು. ಇಂಥ ಬೆಪ್ಪುತಕ್ಕಡಿಯನ್ನು ನಾನು ಕಂಡೇ ಇಲ್ಲ. ಇದು ನಲವತ್ತೆರಡನೇ ತಪ್ಪು, ಎಲ್ಲಕ್ಕಿಂತ ದೊಡ್ಡದು.

ಸಂಜೆ ಹೆಂಡತಿಗೆ ನನ್ನ ಸ್ವಂತ ಸೈಟು ತೋರಿಸಿ, ಹೇಗಿರಬೇಕು ಎಂದು ವಿವರಿಸಿದೆ. ಅರ್ಧ ಸೆಕೆಂಡಿನಲ್ಲಿ ತೆರೆಯುತ್ತದೆ, ಎಲ್ಲಿ ಒತ್ತಿದರೂ ದಾರಿ ತಪ್ಪುವುದಿಲ್ಲ. ಅವಳು ಪೂರ್ತಿ ನೋಡಿದಳು.

"ತುಂಬ ಚೆನ್ನಾಗಿದೆ ರೀ. ಆದ್ರೆ ನೀವು ಏನು ಮಾಡಿದೀರ ಅಂತ ಎಲ್ಲಿದೆ?"

"ಅದೇ, 'ಸೇವೆಗಳು' ಪುಟದಲ್ಲಿ."

"ಅಲ್ಲಿ ಏನು ಮಾಡಬಲ್ಲೆ ಅಂತ ಇದೆ. ಮಾಡಿದ್ದು?"

ಗಣಿತದವರ ಜೊತೆ ಮಾತಾಡಿ ಪ್ರಯೋಜನವಿಲ್ಲ.

ಜೂನ್ 17, ಸೋಮವಾರ

"ಒಂದು ವಾರ ಆಯ್ತು, ಉತ್ತರ ಇಲ್ಲ. ಕೊಬ್ಬು ನೋಡ್ರಿ" ಎಂದರು ಸಾಹೇಬರು.

"ಪಾಪ, ಊರಲ್ಲಿ ಇಲ್ವೇನೋ ಸಾರ್" ಎಂದರು ಅಕ್ಕ. ಸಾಹೇಬರು ಕೇಳಿಸಿಕೊಳ್ಳಲಿಲ್ಲ. ನನ್ನ ಬೆನ್ನು ತಟ್ಟಿ, ಗಾಜಿನ ಕ್ಯಾಬಿನ್ನಿನಲ್ಲಿ ಮೇಜನ್ನು ಕಿಟಕಿಯ ಕಡೆ ಹಾಕಿಸಲೇ, ಗೋಡೆಯ ಕಡೆ ಹಾಕಿಸಲೇ ಎಂದು ಕೇಳಿದರು. ಕಿಟಕಿಯ ಕಡೆ ಎಂದೆ. ಬಾಯಿ ತಾನಾಗಿಯೇ ಹೇಳಿತು.

ಆ ಕೊಬ್ಬು ಎನ್ನುವ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಚುಕ್ಕಿರಾಯರು ಬೆಪ್ಪರು, ಒಪ್ಪಿದೆ. ಕೊಬ್ಬಿದವರು ಯಾಕೆ ಮುದುಕರ ಹೆಜ್ಜೆ ಎಣಿಸುತ್ತ ಕೂರುತ್ತಾರೆ? ನನ್ನ ಹೆಸರು ಬರದ ಹಾಗೆ ಅವರಿಗೆ ಒಂದು ಸುಳಿವು ಕೊಟ್ಟುಬಿಡೋಣ ಎಂದುಕೊಂಡೆ. ಮುಂದಿನದು ಅವರವರ ಹಣೆಬರಹ. ಊಟದ ಬಿಡುವಿನಲ್ಲಿ ಕೂತು, ನೋಯಿಸದ ಹಾಗೆ, ನಾಲ್ಕು ಸಾಲು ಬರೆದೆ. 'ಮಾನ್ಯರೇ, ನಿಮ್ಮ ಸೈಟಿನ ಫಾರ್ಮು ಕೆಲಸ ಮಾಡುತ್ತಿಲ್ಲ. ಅದರಲ್ಲಿ ಬರೆದದ್ದು ನಿಮಗೆ ಬರುತ್ತಿಲ್ಲ. ದಯವಿಟ್ಟು ಕೂಡಲೇ ನೋಡಿ. ಇಂತಿ, ಒಬ್ಬ ಹಿತೈಷಿ.' ಮೂರು ಸಲ ತಿದ್ದಿದೆ. ಕಳಿಸಿದೆ. ಮನಸ್ಸಿನಿಂದ ಒಂದು ಭಾರ ಇಳಿದ ಹಾಗಾಯಿತು.

'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಎಂದು ಬಂತು.

ಅದೇ ಫಾರ್ಮಿನಲ್ಲಿ ಬರೆದು ಕಳಿಸಿದ್ದೆ! ಇಪ್ಪತ್ತೆರಡು ವರ್ಷದ ಅನುಭವ. ಜನ ಎಲ್ಲಿ ಎಡವುತ್ತಾರೆ ಎಂದು ಹುಡುಕುವವನು. ಅಕ್ಕ ನನ್ನ ಮುಖ ನೋಡಿ ಊಟದಲ್ಲಿ ಕಲ್ಲು ಸಿಕ್ಕಿತೇ ಎಂದು ಕೇಳಿದರು. ಹೌದು ಎಂದೆ.

ಜೂನ್ 20, ಗುರುವಾರ

ಮತ್ತೆ ಆಸ್ಪತ್ರೆ. ಹೆಂಡತಿ ಹೋಗುತ್ತೇನೆ ಎಂದಳು, ನಾನೇ ಹೋದೆ. ಇಂಜೆಕ್ಷನ್ ಆದ ಮೇಲೆ ಅಪ್ಪನ ಕಣ್ಣಿಗೆ ಪಟ್ಟಿ ಹಾಕಿದ್ದರು, ಒಂದು ಕಣ್ಣು ಮಾತ್ರ ತೆರೆದಿತ್ತು. ವಾಪಸ್ ಬರುವಾಗ ಆ ನಡುವಿನ ಬೋರ್ಡಿನ ಮುಂದೆ ಅಪ್ಪ ನಿಂತುಬಿಟ್ಟರು.

"ಇದರ ಕೆಳಗೆ ಏನೋ ಬರೆದಿದೆ ನೋಡು. ನನಗೆ ಹೋದ ಸಲದಿಂದ ಓದ್ಬೇಕು ಅಂತ ಇದೆ. ನಿನ್ನನ್ನ ಕೇಳೋಕೆ ಮನಸ್ಸಾಗ್ಲಿಲ್ಲ."

ಬಗ್ಗಿ ನೋಡಿದೆ. 'ಈ ಬೋರ್ಡು ನಿಮ್ಮನ್ನು ದಾರಿ ತಪ್ಪಿಸಿದರೆ ದಯವಿಟ್ಟು ನನಗೆ ಹೇಳಿ' ಎಂದಿತ್ತು. ಅದರ ಮುಂದೆ ಒಂದು ಫೋನ್ ನಂಬರು. ಆಸ್ಪತ್ರೆಯದ್ದಲ್ಲ. ನನಗೆ ಹೇಳಿ ಎಂದಿದೆ, ನಮಗೆ ಎಂದಿಲ್ಲ.

ಓದಿ ಹೇಳಿದೆ. ಅಪ್ಪ ಬೋರ್ಡನ್ನು ಕೈಯಿಂದ ಸವರಿದರು. "ನಮ್ಮ ಡಿಪೋದಲ್ಲಿ ಯಾರೂ ಹೀಗೆ ಬರೀಲಿಲ್ಲ. ಬರೆದಿದ್ರೆ ನಾನೇ ದಿನಾ ಫೋನ್ ಮಾಡಿ ಬೈತಿದ್ದೆ" ಎಂದು ನಕ್ಕರು.

ಕೆಲಸ ಕೊಡುವವರಿಗೆ ಸಿಗದ ನಂಬರನ್ನು ದಾರಿ ತಪ್ಪಿದವರಿಗೆ ಕೊಟ್ಟಿದ್ದಾರೆ. ಇದನ್ನು ಎಷ್ಟನೇ ತಪ್ಪು ಎಂದು ಬರೆಯಲಿ? ನಂಬರನ್ನು ಔಷಧಿ ಚೀಟಿಯ ಹಿಂದೆ ಗುರುತು ಮಾಡಿಕೊಂಡೆ. ಫೋನ್ ಮಾಡಲೇಬೇಕೆಂದೇನೂ ಇಲ್ಲ.

ಜೂನ್ 21, ಶುಕ್ರವಾರ

ಬೆಳಿಗ್ಗೆಯಿಂದ ಮೂರು ಸಲ ಮೆಟ್ಟಿಲ ಹತ್ತಿರ ಹೋಗಿ ವಾಪಸ್ ಬಂದೆ. ನಾಲ್ಕು ಗಂಟೆಗೆ ಸಾಹೇಬರು ನನ್ನ ಕಡೆ ಕೈ ತೋರಿಸಿ ಅಕ್ಕನಿಗೆ, "ಇನ್ನೊಂದು ಗಂಟೆ ನೋಡಿ, ಆಮೇಲೆ ಇವರ ಹೆಸರಿಗೇ ನೇಮಕದ ಪತ್ರ ಮಾಡಿಬಿಡಿ" ಎಂದರು. ಬೇಕಾದದ್ದು ಸಿಕ್ಕಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನಾಲ್ಕನೇ ಸಲ ಮೆಟ್ಟಿಲಿಗೆ ಹೋಗಿ ಫೋನ್ ಮಾಡಿದೆ.

"ಹಲೋ, ಯಾವ ಮಹಡಿ?" ಎಂದಿತು ಹೆಂಗಸಿನ ದನಿ. ಐವತ್ತರ ಆಸುಪಾಸು ಇರಬೇಕು.

"ಏನು?"

"ಯಾವ ಬೋರ್ಡು ತಪ್ಪಾಗಿದೆ? ಈ ನಂಬರಿಗೆ ಅದಕ್ಕೇ ಫೋನ್ ಬರೋದು. ಮಹಡಿ ಹೇಳಿ, ನಾಳೆ ಬಂದು ನೋಡ್ತೀನಿ."

ಚುಕ್ಕಿರಾಯರು ಹೆಂಗಸು. ಹದಿನೆಂಟು ದಿನ ನಾನು ಮೀಸೆ ಇರುವ ಒಬ್ಬ ಜಂಬದ ಕೋಳಿಯನ್ನು ಬೈದುಕೊಂಡು ಓಡಾಡಿದ್ದೆ.

"ಬೋರ್ಡು ಸರಿಯಾಗಿದೆ ಮೇಡಂ. ನಿಮ್ಮ ವೆಬ್‌ಸೈಟು ತಪ್ಪಾಗಿದೆ."

"ಅಯ್ಯೋ, ಅದನ್ನೂ ನೋಡಿದ್ರಾ?" ನಾಚಿಕೊಂಡ ಹಾಗಿತ್ತು. "ಬೇರೆಯವರಿಗೆ ಎಲ್ಲಿಗೆ ಬೇಕಾದ್ರೂ ದಾರಿ ಹೇಳ್ತೀನಿ. ನನ್ನ ಹತ್ರ ಬನ್ನಿ ಅಂತ ಹೇಳೋಕೆ ಮಾತ್ರ ಕೈ ಬರಲ್ಲ. ಎಲ್ಲಾ ಬಚ್ಚಿಟ್ಟುಬಿಟ್ಟೆ."

ನಾನು ಯಾರು, ಯಾವ ಕಂಪನಿ, ಯಾವ ಹುದ್ದೆಗೆ ಅವರನ್ನು ಕರೆದಿದ್ದೇವೆ ಎಲ್ಲ ಹೇಳಿದೆ. ಫಾರ್ಮಿನ ವಿಷಯ ಹೇಳಿ ಅಕ್ಕನ ನಂಬರು ಕೊಟ್ಟೆ. ಆ ಮೇಲ್ ವಿಳಾಸ ಅವರ ಹಳೆಯ ಆಫೀಸಿನದಂತೆ. ಅಲ್ಲಿ ಕೆಲಸ ಬಿಟ್ಟ ದಿನವೇ ಅದು ಮುಚ್ಚಿಹೋಗಿರಬೇಕು.

"ಬಿಟ್ಟು ಒಂದು ವರ್ಷ ಎರಡು ತಿಂಗಳಾಯ್ತು" ಎಂದರು. "ಅಂದ್ರೆ ಜನ ಬರೆದಿರಬಹುದು, ಅಲ್ವಾ? ನಾನು ಯಾರಿಗೂ ನನ್ನ ಕೆಲಸ ಹಿಡಿಸ್ಲಿಲ್ಲ ಅಂದ್ಕೊಂಡೆ. ಈಗಿನ ಮೇಲಿಗೇ ಬರುತ್ತೆ ಅಂದ್ಕೊಂಡು ದಿನಾ ಬೆಳಿಗ್ಗೆ ಎದ್ದು ನೋಡ್ತಿದ್ದೆ. ಆಮೇಲೆ ವಾರಕ್ಕೊಂದು ಸಲ ಮಾಡಿದೆ. ಒಂದನೇ ತಾರೀಖಿಂದ ನಮ್ಮಕ್ಕನ ಬಟ್ಟೆ ಅಂಗಡೀಲಿ ಕೂತ್ಕೋತೀನಿ ಅಂತ ಒಪ್ಕೊಂಡಿದೀನಿ."

ಆ ಫಾರ್ಮನ್ನು ಎಲ್ಲದರ ಕಿರೀಟ ಎಂದು ಬರೆದವನು ನಾನು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನಿಮಗೆ ಇದು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಇವತ್ತು" ಎಂದೆ.

"ಇವತ್ತು ಗೊತ್ತಾಗಿ ಇವತ್ತೇ ಹುಡುಕಿ ಫೋನ್ ಮಾಡಿದ್ರಾ. ದೊಡ್ಡ ಮನಸ್ಸು ನಿಮ್ಮದು."

ನಾಲ್ಕೂವರೆಗೆ ಅವರು ಅಕ್ಕನಿಗೆ ಫೋನ್ ಮಾಡಿ ಬರುತ್ತೇನೆ ಎಂದು ಹೇಳಿದರು. ಸೋಮವಾರ ಹನ್ನೊಂದಕ್ಕೆ. ನಾನು ಮಾಡಬೇಕಾದದ್ದನ್ನು ಮಾಡಿದ್ದೇನೆ. ತಾರೀಖು ಒಂದು ಹಿಂದೆ ಮುಂದೆ ಆದರೆ ಯಾರಿಗೆ ಏನು ನಷ್ಟ?

ಜೂನ್ 22, ಶನಿವಾರ

ಊಟ ಸೇರಲಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ.

ಜೂನ್ 24, ಸೋಮವಾರ

ಕುಳ್ಳಗಿನ ಹೆಂಗಸು. ಹತ್ತಿಯ ಚೀಲ, ಸವೆದ ಚಪ್ಪಲಿ. ಒಳಗೆ ಬಂದವರೇ ನಮ್ಮ ಬಾಗಿಲ ಮೇಲೆ 'ನೂಕಿ' ಎಂದು ಬರೆದಿದ್ದರೂ ಅದನ್ನು ಎಳೆಯಬೇಕು ಎಂದು ಅಕ್ಕನಿಗೆ ಹೇಳಿದರು. ಈ ಕಟ್ಟಡಕ್ಕೆ ಬಂದ ಹನ್ನೆರಡು ವರ್ಷದಿಂದ ನಾವೆಲ್ಲ ದಿನವೂ ಒಮ್ಮೆ ನೂಕಿ ಆಮೇಲೆ ಎಳೆಯುತ್ತಿದ್ದೇವೆ. ನಾನೂ.

ಸಂದರ್ಶನದಲ್ಲಿ ಸಾಹೇಬರು, ಅಕ್ಕ, ನಾನು. ಅವರು ಸೈಟು ತೆರೆಯಲೇ ಇಲ್ಲ. ಒಂದು ಹಳೆಯ ನೋಟ್‌ಬುಕ್ಕು ತೆಗೆದು, ಯಾವ ಮುದುಕಿ ಎಲ್ಲಿ ನಿಂತರು, ಯಾಕೆ ನಿಂತರು, ಏನು ಬರೆದರೆ ಮತ್ತೆ ನಡೆದರು ಎಂದು ಒಂದು ಗಂಟೆ ಹೇಳಿದರು. ಒಂದುಪುಟ ಸಾಹೇಬರು ನೋಟ್‌ಬುಕ್ಕಿನ ಪುಟ ತಿರುವಿ ತಿರುವಿ ಕೇಳಿದರು. ನನಗೂ ಕುರ್ಚಿ ಮರೆತುಹೋಗಿತ್ತು. ಒಂದೆರಡು ಪ್ರಶ್ನೆ ನಿಜವಾಗಿ ತಿಳಿಯಬೇಕೆಂದೇ ಕೇಳಿದೆ. ಅಷ್ಟು ಚೆನ್ನಾಗಿ ಯಾರೂ ನನಗೆ ಉತ್ತರ ಕೊಟ್ಟಿರಲಿಲ್ಲ.

ಸಾಹೇಬರು ಅಲ್ಲೇ ಕೈ ಮುಂದೆ ಮಾಡಿದರು. "ಒಂದನೇ ತಾರೀಖು ಬಂದುಬಿಡಿ" ಎಂದರು.

ಅವರು ಕೈ ಕೊಡುವ ಮೊದಲು ನನ್ನ ಕಡೆ ತಿರುಗಿದರು. "ಇವರಿಗೆ ನಾನು ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕು. ಈ ಕುರ್ಚಿ ಇವರಿಗೇ ಬರೋದಿತ್ತಂತೆ, ಈಗ ಹೊರಗೆ ಅಕ್ಕ ಹೇಳಿದ್ರು. ಹಾಗಿದ್ದೂ ಶುಕ್ರವಾರ ತಪ್ಪು ಕಂಡ ತಕ್ಷಣ ಫೋನ್ ಮಾಡಿದಾರೆ. ಬೇರೆಯವರಾಗಿದ್ರೆ ಸುಮ್ಮನಿರ್ತಿದ್ರು."

ಸಾಹೇಬರು ನನ್ನ ಬೆನ್ನು ತಟ್ಟಿದರು. ಅಕ್ಕನ ಕಣ್ಣು ತುಂಬಿತ್ತು. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಆ ಕೋಣೆಯಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ. ಸುಮ್ಮನೆ ನಕ್ಕು ಎದ್ದಿದ್ದರೆ ಮುಗಿಯುತ್ತಿತ್ತು.

"ಶುಕ್ರವಾರ ಅಲ್ಲ" ಎಂದೆ. "ಆರನೇ ತಾರೀಖಿಗೇ ಗೊತ್ತಿತ್ತು. ವರದೀಲಿ ಬರೆದಿದ್ದೆ. ಎರಡು ಪುಟ ಮಾಡುವಾಗ ಬೇಕಂತಲೇ ತೆಗೆದೆ. ಅಕ್ಕ ಆ ಫಾರ್ಮು ತುಂಬುವಾಗ ನಾನು ಹಿಂದೇನೇ ನಿಂತಿದ್ದೆ. ಹದಿನೈದು ದಿನ ಸುಮ್ಮನಿದ್ದೆ."

ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಸಾಹೇಬರು ಬೆನ್ನ ಮೇಲಿಟ್ಟಿದ್ದ ಕೈ ತೆಗೆದರು. "ಯಾಕ್ರೀ?" ಎಂದರು.

"ಕುರ್ಚಿ ಬೇಕಿತ್ತು ಸಾರ್."

ಸಾಹೇಬರು ಆ ಹೆಂಗಸಿನ ಕಡೆ ತಿರುಗಿ, "ನಿಮ್ಮ ವಿಭಾಗ ಇನ್ಮೇಲೆ. ಇವರು ಇರಬೇಕೋ ಬೇಡವೋ ನೀವೇ ಹೇಳಿ" ಎಂದರು.

ಅವರು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿದರು. ಸಿಟ್ಟಾಗಿದ್ದರು, ಕಿವಿ ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ.

"ಇರಲಿ" ಎಂದರು ಸಾಹೇಬರಿಗೆ. ಆಮೇಲೆ ನನ್ನನ್ನು ನೋಡಿ ಹೇಳಿದರು: "ಒಂದು ವರ್ಷ ಎರಡು ತಿಂಗಳು ನನ್ನ ತಪ್ಪು. ಹದಿನೈದು ದಿನ ನಿಮ್ಮದು. ನನ್ನದನ್ನ ನಾನು ಸರಿ ಮಾಡ್ಕೋತೀನಿ. ನಿಮ್ಮದನ್ನ ನೀವು ನೋಡ್ಕೊಳ್ಳಿ."

ನಾನು ಹೂಂ ಎಂದೆ. ಯಾರಾದರೂ ನನ್ನ ತಪ್ಪು ತೋರಿಸಿದಾಗ ಎದುರು ಮಾತಾಡದೆ ಹೂಂ ಎಂದದ್ದು ನನಗೆ ನೆನಪಿರುವ ಹಾಗೆ ಇದೇ ಮೊದಲು.